ಪ್ರಿಪೊಸಿಶನ್ ಆದಮ್ಯಾಲೆ ಮೇ, ಮೈಟ್, ಕ್ಯಾನ್ ಕೂಡಂಗಿಲ್ಲ: ಹಂಗಾದ್ರ ಯಾವಾಗ ಯಾವ ದಾರಿ ಹಿಡೀಬೇಕು?

"ಡಿಸ್ಪೈಟ್ ಇಟ್ ಮೇ ರೇನ್, ವಿ ವಿಲ್ ಗೋ ಟು ಉಣಕಲ್." ಇದನ್ನ ಓದಿದ್ರ ನಮ್ಮ ಕಿವಿಗೆ ಏನೂ ತಪ್ಪು ಅನ್ನಸಂಗಿಲ್ಲ, ಮಳಿ ಬರಬಹುದು ಆದ್ರೂ ಉಣಕಲ್ ಕೆರಿಗೆ ಹೋಗ್ತೀವಿ ಅಂತ ಅರ್ಥ ಸೀದಾ ತಿಳೀತದ, ಆದ್ರ ಇಂಗ್ಲಿಷ್‌ನಾಗ ಈ ವಾಕ್ಯ ನಿಲ್ಲಂಗಿಲ್ಲ. ಧಾರವಾಡದ ಸಪ್ತಾಪುರದಾಗ ರೂಮ್ ಮಾಡ್ಕೊಂಡು ಬ್ಯಾಂಕ್, ಎಸ್ಎಸ್‌ಸಿ ಅಂತ ಓದೋ ಹುಡುಗೋರು, ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷಾ ಕಟ್ಟಿದವ್ರು, ಕಂಪನಿಗೆ ಮೇಲ್ ಬರಿಯೋರು, ಎಲ್ಲಾರೂ ಎಡವೋ ಜಾಗ ಇದು. ತಪ್ಪು ಅಂತ ಗುರುತು ಹಿಡಿಯೋದು ಭಾಳ ಸರಳ ಬಿಡ್ರಿ, ತ್ರಾಸು ಇರೋದು ಸರಿ ಮಾಡೋದ್ರಾಗ. ಯಾಕಂದ್ರ ದಾರಿ ಏಳೆಂಟು ಅವ, ಎಲ್ಲಾನೂ ಗ್ರಾಮರ್ ಪ್ರಕಾರ ಪಾಸ್, ಆದ್ರ ಒಂದರ ಜಾಗಾಕ್ಕ ಇನ್ನೊಂದು ಹಾಕಿದ್ರ ಅರ್ಥನ ಬದಲಾಗ್ತದ, ಇಲ್ಲಾಂದ್ರ ವಾಕ್ಯ ಸರ್ಕಾರಿ ಸುತ್ತೋಲಿ ಆಗಿಬಿಡ್ತದ.

ಕಾರಣ ಬೇಗ ಹೇಳಿ ಮುಗಸ್ತೀನಿ. ಡಿಸ್ಪೈಟ್, ಫಾರ್, ಅಬೌಟ್ ಇಂಥ ಪ್ರಿಪೊಸಿಶನ್ ಆದಮ್ಯಾಲೆ ಇಂಗ್ಲಿಷ್‌ಗೆ ಒಂದು ನಾಮಪದ ಬೇಕು, ಇಲ್ಲಾ ಇಂಗ್ ಹಚ್ಚಿದ ಕ್ರಿಯಾಪದ ಬೇಕು. ಗೋ ಇದ್ರ ಗೋಯಿಂಗ್, ಈಟ್ ಇದ್ರ ಈಟಿಂಗ್. ಮೇ, ಮೈಟ್, ಕ್ಯಾನ್, ಕುಡ್ ಇವಕ್ಕ ಮೋಡಲ್ ಅಂತಾರ, ಇವಕ್ಕ ಆ ರೂಪನ ಇಲ್ಲ, ಟು ಕ್ಯಾನ್ ಅನ್ನಂಗಿಲ್ಲ, ಮೇಯಿಂಗ್ ಅನ್ನಂಗಿಲ್ಲ, ಕ್ಯಾನಿಂಗ್ ಅಂದ್ರ ಹಣ್ಣು-ಮೀನು ಡಬ್ಬಿಯಾಗ ತುಂಬಿ ಮುಚ್ಚೋ ಕೆಲಸ ಆಗಿಬಿಡ್ತದ! ಹಳೇ ಇಂಗ್ಲಿಷ್‌ನಾಗ ಕ್ಯಾನ್ ಅನ್ನೋದೂ ಪೂರ್ತಿ ಕ್ರಿಯಾಪದ ಆಗಿತ್ತು, ಕಪಟಿಗೆ ಕನಿಂಗ್ ಅಂತಾರಲ್ಲ, ಆ ಶಬ್ದ ಬಂದಿದ್ದು ಅದರದ ಹಳೇ ಇಂಗ್ ರೂಪದಿಂದ. ಆಮ್ಯಾಲೆ ಆ ರೂಪಗಳೆಲ್ಲಾ ಬಿದ್ದುಹೋದ್ವು. ಸ್ಕಾಟ್‌ಲೆಂಡ್ ಕಡೆ, ಅಮೆರಿಕದ ದಕ್ಷಿಣದ ಕಡೆ ಮಂದಿ ಇವತ್ತಿಗೂ ಮೈಟ್ ಕುಡ್ ಅಂತ ಎರಡು ಮೋಡಲ್ ಕೂಡಿಸಿ ಮಾತಾಡ್ತಾರ, ಅದು ಅವರ ಆಡುಮಾತು, ನೀವು ಪರೀಕ್ಷಾದಾಗ ಬರದು ಮಾರ್ಕ್ಸ್ ಕಳ್ಕೋಬ್ಯಾಡ್ರಿ.

ದಾರಿ ಆರಿಸೋಕ್ಕಿಂತ ಮೊದಲ ಒಂದು ಪ್ರಶ್ನೆ ಕೇಳ್ಕೋರಿ. ನಿಮ್ಮ ಕ್ಯಾನ್ ಇಲ್ಲಾ ಮೇ ಏನು ಹೇಳಾಕತ್ತದ? ತಾಕತ್ತೋ, ಆಗೋ ಸಂಭವಾನೋ, ಪರ್ಮಿಶನ್ನೋ? ಅವ ಈಜಬಲ್ಲ, ಮಳಿ ಬರಬಹುದು, ನೀವು ಒಳಗ ಬರಬಹುದು. ಮೂರೂ ಬ್ಯಾರೆ. ಇಂಗ್ಲಿಷ್‌ನಾಗ ಕ್ಯಾನ್ ಒಂದ ಶಬ್ದ ಈ ಮೂರೂ ಕೆಲಸ ಮಾಡ್ತದ, ಆದ್ರ ಪ್ರಿಪೊಸಿಶನ್ ಬಂದು ಕ್ಯಾನ್ ತೆಗಿಬೇಕಾದಾಗ ಮೂರಕ್ಕ ಮೂರು ಬ್ಯಾರೆ ಬದಲಿ ಬೇಕು. ಇದನ್ನ ಕೇಳ್ಕೊಳ್ಳಾರದ "ಬೀಯಿಂಗ್ ಏಬಲ್ ಟು" ಅಂತ ಎಲ್ಲಾ ಕಡೆ ಒಗಿಯೋದು ನಮ್ಮ ಕಡೆ ಒಂದು ಚಟ ಆಗ್ಯದ.

ಪ್ರಿಪೊಸಿಶನ್ನ ಬದಲು ಮಾಡೋದು

ನನ್ನ ಕೇಳಿದ್ರ ಮೊದಲು ಇದನ್ನ ನೋಡ್ರಿ. ಮೋಡಲ್‌ಗೆ ಕೈ ಹಚ್ಚೋದ ಬ್ಯಾಡ, ಅದಕ್ಕಿಂತ ಮೊದಲ ಬಂದ ಪ್ರಿಪೊಸಿಶನ್ ತೆಗದು ಅದ ಅರ್ಥದ ಕಂಜಂಕ್ಷನ್, ಅಂದ್ರ ಎರಡು ವಾಕ್ಯ ಕೂಡಿಸೋ ಶಬ್ದ, ಹಾಕ್ರಿ. ಡಿಸ್ಪೈಟ್, ಇನ್ ಸ್ಪೈಟ್ ಆಫ್ ಇದ್ದಲ್ಲಿ ಆಲ್ದೋ. ಬಿಕಾಸ್ ಆಫ್, ಡ್ಯೂ ಟು ಇದ್ದಲ್ಲಿ ಬರೇ ಬಿಕಾಸ್, ಇಲ್ಲಾ ಆ್ಯಸ್, ಸಿನ್ಸ್. ಡ್ಯೂರಿಂಗ್ ಇದ್ದಲ್ಲಿ ವೈಲ್. "ಬಿಕಾಸ್ ಆಫ್ ದ ಬಸ್ ಮೇ ಬಿ ಲೇಟ್" ಅಂತ ಬರದಿದ್ರ ಆಫ್ ಒಂದು ಅಳಿಸಿಬಿಡ್ರಿ, "ಬಿಕಾಸ್ ದ ಬಸ್ ಮೇ ಬಿ ಲೇಟ್", ಮುಗೀತು. ರಜಾ ಅರ್ಜಿಯಾಗ ಭಾಳ ಮಂದಿ "ಡ್ಯೂ ಟು ಐ ಕುಡ್ ನಾಟ್ ಅಟೆಂಡ್" ಅಂತ ಬರೀತಾರ, ಅದನ್ನ ತಿದ್ದಾಕ ಹೋಗಿ "ಡ್ಯೂ ಟು ಮೈ ನಾಟ್ ಬೀಯಿಂಗ್ ಏಬಲ್ ಟು ಅಟೆಂಡ್" ಅಂತ ಮಾಡ್ತಾರ, ಗ್ರಾಮರ್ ಸರಿನ ಅದ ಖರೆ ಆದ್ರ ಓದೋರಿಗೆ ಗಂಟಲಾಗ ಸಿಕ್ಕಂಗ ಆಗ್ತದ. "ಆ್ಯಸ್ ಐ ಕುಡ್ ನಾಟ್ ಅಟೆಂಡ್" ಅಂದ್ರ ಸಾಕಲ್ರಿ. ಹಂಗ ಇನ್ನೊಂದು, ಡಿಸ್ಪೈಟ್‌ಗೆ ಆಫ್ ಇಲ್ಲ, ಇನ್ ಸ್ಪೈಟ್ ಆಫ್‌ಗೆ ಅದ, ಮತ್ತ ಇನ್ ಸ್ಪೈಟ್ ಎರಡು ಶಬ್ದ, ಕೂಡಿಸಿ ಬರೀಬ್ಯಾಡ್ರಿ.

ಇನ್ ಕೇಸ್ ಬಗ್ಗೆ ಸ್ವಲ್ಪ ನಿಂತು ಹೇಳ್ಬೇಕು, ಯಾಕಂದ್ರ ಇಲ್ಲಿ ಮೋಡಲ್ ಬೇಕಾಗೋದ ಕಡಿಮಿ. "ಟೇಕ್ ಆ್ಯನ್ ಅಂಬ್ರೆಲಾ ಇನ್ ಕೇಸ್ ಆಫ್ ಇಟ್ ಮೇ ರೇನ್" ತಪ್ಪು. ಆಫ್ ತೆಗೀರಿ, ಮೇ ತೆಗೀರಿ, "ಇನ್ ಕೇಸ್ ಇಟ್ ರೇನ್ಸ್" ಅಂದ್ರ ಬರೋಬ್ಬರಿ ಆತು. ಬಂದ್ರೂ ಬರಬಹುದು ಅನ್ನೋ ಅನುಮಾನ ಇನ್ ಕೇಸ್ ಒಳಗನ ಕುಂತಿರ್ತದ, ಮ್ಯಾಲೆ ಮೇ ಹೇರೋ ಅವಶ್ಯಕತಾ ಇಲ್ಲ. ಮೈಟ್ ಹಾಕಿದ್ರ ತಪ್ಪು ಅಂತೇನಲ್ಲ, ಅನುಮಾನ ಇನ್ನೊಂದಿಷ್ಟು ಹೆಚ್ಚಾಗ್ತದ ಅಷ್ಟ. ಇನ್ ಕೇಸ್ ಆಫ್ ಬೇಕಂದ್ರ ಅದರ ಮುಂದ ಬರೇ ನಾಮಪದ, "ಇನ್ ಕೇಸ್ ಆಫ್ ಫೈರ್" ಅಂತ ಗ್ವಾಡಿ ಮ್ಯಾಲೆ ಬರದಿರ್ತಾರಲ್ಲ ಹಂಗ. ಮತ್ತ ಬ್ರಿಟಿಷ್ ಇಂಗ್ಲಿಷ್‌ನಾಗ ಇನ್ ಕೇಸ್ ಬ್ಯಾರೆ, ಇಫ್ ಬ್ಯಾರೆ. ಮಳಿ ಬರೋಕ್ಕಿಂತ ಮೊದಲ ಛತ್ರಿ ತಗೊಂಡಿಟ್ರ ಇನ್ ಕೇಸ್, ಮಳಿ ಬಂದಮ್ಯಾಲೆ ಬಿಚ್ಚಿದ್ರ ಇಫ್. ಐಇಎಲ್‌ಟಿಎಸ್ ಬರಿಯೋರು ಈ ವ್ಯತ್ಯಾಸ ಗಮನದಾಗ ಇಟ್ಕೊಂಡ್ರ ಛೊಲೊ.

ಬಿಫೋರ್, ಆಫ್ಟರ್, ಅಂಟಿಲ್, ಸಿನ್ಸ್, ದ್ಯಾನ್ ಇವು ಎರಡೂ ಕಡೆ ಓಡಾಡ್ತಾವ. "ಬಿಫೋರ್ ಐ ಕ್ಯಾನ್ ಅಪ್ಲೈ", "ಮೋರ್ ದ್ಯಾನ್ ಐ ಕ್ಯಾನ್ ಪೇ" ಎಲ್ಲಾ ಸರಿ, ಇವನ್ನ ತಿದ್ದಾಕ ಹೋಗಬ್ಯಾಡ್ರಿ. ಯಾರರ ಬಿಫೋರ್ ಪ್ರಿಪೊಸಿಶನ್ ಅಲ್ಲೇನು, ಹಂಗಾದ್ರ ಕ್ಯಾನ್ ಹೆಂಗ ಬಂತು ಅಂತ ವಾದಕ್ಕ ಬಂದ್ರ, ಹಳೇ ಗ್ರಾಮರ್ ಪುಸ್ತಕದ ಉತ್ತರ ಅದು ಇಲ್ಲಿ ಕಂಜಂಕ್ಷನ್ ಅಂತ. 2002ರಾಗ ಬಂದ ಹಡಲ್‌ಸ್ಟನ್ ಮತ್ತು ಪುಲಮ್ ಅವರ ದೊಡ್ಡ ಕೇಂಬ್ರಿಜ್ ಗ್ರಾಮರ್ ಅಂತೂ ಇಂಥವನ್ನೆಲ್ಲಾ ಪ್ರಿಪೊಸಿಶನ್ ಗುಂಪಿಗೇ ಸೇರಿಸಿ, ಕೆಲವು ಪ್ರಿಪೊಸಿಶನ್ ಆದಮ್ಯಾಲೆ ಪೂರ್ತಿ ವಾಕ್ಯ ಬರ್ತದ, ಕೆಲವಕ್ಕ ಬರಂಗಿಲ್ಲ ಅಂತ ಹೇಳ್ತದ. ವಿಚಾರ ಮಾಡಿದ್ರ ಅದ ಹೆಚ್ಚು ಸರಿ ಅನ್ನಸ್ತದ, ಆದ್ರ ನಮ್ಮ ಪರೀಕ್ಷಾ ಪೇಪರ್ ತೆಗಿಯೋರು ಇನ್ನೂ ಹಳೇ ಲೆಕ್ಕದಾಗ ಇದ್ದಾರ, ನೀವೂ ಹಳೇ ಹೆಸರ ಬಳಸ್ರಿ.

ಈ ದಾರಿ ಎಲ್ಲಿ ಮುಚ್ಚತದ ಅಂದ್ರ ವಿದೌಟ್, ಇನ್‌ಸ್ಟೆಡ್ ಆಫ್, ಅಬೌಟ್, ಆಫ್, ಬೈ ಇಂಥವು ಬಂದಾಗ. ಇವಕ್ಕ ಜೋಡಿ ಕಂಜಂಕ್ಷನ್ ಇಲ್ಲ. ಆವಾಗ ಮುಂದಿನವು.

ಪ್ರಿಪೊಸಿಶನ್ ಪೂರಾ ಬಿಟ್ಟಬಿಡೋದು

ಇದನ್ನ ಮಂದಿ ಲಕ್ಷಕ್ಕ ತಗೊಳ್ಳೋದ ಇಲ್ಲ. ವರೀಡ್ ಅಬೌಟ್, ಅಫ್ರೇಡ್ ಆಫ್, ಅವೇರ್ ಆಫ್, ಇನ್‌ಫಾರ್ಮ್ಡ್ ಅಬೌಟ್ ಇವೆಲ್ಲಾ ಪ್ರಿಪೊಸಿಶನ್ ಕಳಚಿ ದ್ಯಾಟ್ ಹಾಕ್ಕೋತಾವ. "ಐ ಆ್ಯಮ್ ವರೀಡ್ ಅಬೌಟ್ ದ ಟ್ರೇನ್ ಮೇ ಬಿ ಲೇಟ್" ಅಂದಿದ್ರ "ವರೀಡ್ ದ್ಯಾಟ್ ದ ಟ್ರೇನ್ ಮೇ ಬಿ ಲೇಟ್" ಮಾಡ್ರಿ, ದ್ಯಾಟ್ ಕೂಡ ಬಿಟ್ರೂ ನಡೀತದ. ಎರಡೂ ಇಟ್ಕೊಂಡು "ಅಬೌಟ್ ದ್ಯಾಟ್ ದ ಟ್ರೇನ್ ಮೇ" ಅಂತ ಮಾತ್ರ ಬರಿಯೋ ಹಂಗಿಲ್ಲ. ಪ್ರಿಪೊಸಿಶನ್ ಬಾಜೂಕ ದ್ಯಾಟ್ ವಾಕ್ಯ ಕುಂದರಂಗಿಲ್ಲ, ಇನ್ ದ್ಯಾಟ್, ಎಕ್ಸೆಪ್ಟ್ ದ್ಯಾಟ್ ಅಂಥ ಒಂದೆರಡು ಬಿಟ್ರ. "ದ ಹೌಸ್ ಈಸ್ ಗುಡ್ ಎಕ್ಸೆಪ್ಟ್ ದ್ಯಾಟ್ ದ ರೂಫ್ ಮೇ ಲೀಕ್" ಅನ್ನಬಹುದು.

ಬೀಯಿಂಗ್ ಏಬಲ್ ಟು: ತಾಕತ್ತಿಗೆ ಮಾತ್ರ

ಕ್ಯಾನ್ ಅಂದ್ರ ತಾಕತ್ತು ಅಂತ ಇದ್ದಲ್ಲಿ ಇದ ಬೇಕು. "ಶಿ ಕೇಮ್ ಬ್ಯಾಕ್ ಫ್ರಮ್ ಗದಗ ವಿದೌಟ್ ಬೀಯಿಂಗ್ ಏಬಲ್ ಟು ಸೀ ದ ವೀರನಾರಾಯಣ ಟೆಂಪಲ್." ಇಲ್ಲಿ ಬರೇ "ವಿದೌಟ್ ಸೀಯಿಂಗ್" ಅಂತನೂ ಬರೀಬಹುದು, ಆದ್ರ ಒಂದಿಷ್ಟು ಫರಕ್ ಅದ ನೋಡ್ರಿ. ವಿದೌಟ್ ಸೀಯಿಂಗ್ ಅಂದ್ರ ನೋಡಲಿಲ್ಲ ಅಷ್ಟ, ಮನಸ್ಸಿತ್ತೋ ಇಲ್ಲೋ ಗೊತ್ತಿಲ್ಲ. ಬೀಯಿಂಗ್ ಏಬಲ್ ಟು ಹಾಕಿದ್ರ ನೋಡ್ಬೇಕಂತ ಇತ್ತು, ಆಗಲಿಲ್ಲ, ಬಾಗಲಾ ಮುಚ್ಚಿತ್ತೋ ಬಸ್ ತಪ್ಪತದಂತ ಓಡಿ ಬಂದ್ಳೋ ಏನೋ ಒಂದು. ಆ ಅರ್ಥ ಬ್ಯಾಡ ಅಂದ್ರ ಸುಮ್ಮನ ಇಂಗ್ ಇಟ್ಟು ಮುಂದ ಹೋಗ್ರಿ. ಹಿಂಗ ಡಿಸ್ಪೈಟ್ ಜೋಡಿನೂ ಬರ್ತದ. ಹುಬ್ಬಳ್ಳಿ ಸಿದ್ಧಾರೂಢ ಸ್ವಾಮೀಜಿ ಸ್ಟೇಶನ್‌ದಾಗ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಅದಲ್ಲ, ಅದರ ಈ ತುದಿಗೆ ನಿಂತವನ ಕೋಚ್ ಆ ತುದಿಗಿದ್ರ "ಹಿ ಮಿಸ್ಡ್ ದ ಟ್ರೇನ್ ಡಿಸ್ಪೈಟ್ ಬೀಯಿಂಗ್ ಏಬಲ್ ಟು ಸೀ ಇಟ್" ಅಂತ ಬರಿಯೋ ಪಾಳಿ ಬರ್ತದ.

ಎಲ್ಲಾರೂ ಬೀಳೋ ಖೆಡ್ಡಾ ಅಂದ್ರ "ಲುಕ್ ಫಾರ್ವರ್ಡ್ ಟು". ಈ ಟು ಕ್ರಿಯಾಪದದ ಟು ಅಲ್ಲ, ಪ್ರಿಪೊಸಿಶನ್. ಅದಕ್ಕ ಲುಕ್ ಫಾರ್ವರ್ಡ್ ಟು ಮೀಟ್ ಯು ತಪ್ಪು, ಲುಕ್ ಫಾರ್ವರ್ಡ್ ಟು ಕ್ಯಾನ್ ಮೀಟ್ ಅಂತೂ ಕೇಳಬ್ಯಾಡ್ರಿ. ಕವರಿಂಗ್ ಲೆಟರ್ ಕಡೀಕ "ಐ ಲುಕ್ ಫಾರ್ವರ್ಡ್ ಟು ಬೀಯಿಂಗ್ ಏಬಲ್ ಟು ಜಾಯಿನ್ ಯುವರ್ ಟೀಮ್" ಅಂತ ಬರದ್ರ ಸರಿ, ಇನ್ನೂ ಸಣ್ಣದಾಗಿ "ಟು ಜಾಯಿನಿಂಗ್" ಅಂದ್ರ ಇನ್ನೂ ಛೊಲೊ. ಯೂಸ್ಡ್ ಟು ಕೂಡ ರೂಢಿ ಆಗ್ಯದ ಅನ್ನೋ ಅರ್ಥದಾಗ ಹಂಗ, "ಐ ಆ್ಯಮ್ ಯೂಸ್ಡ್ ಟು ಬೀಯಿಂಗ್ ಏಬಲ್ ಟು ವಾಕ್ ಟು ವರ್ಕ್".

ಸಂಭವಕ್ಕ ಮಾತ್ರ ಇದನ್ನ ಹಾಕಬ್ಯಾಡ್ರಿ. "ಬಿಕಾಸ್ ಆಫ್ ದ ರೇನ್ ಬೀಯಿಂಗ್ ಏಬಲ್ ಟು ಕಮ್" ಅಂದ್ರ ಮಳಿಗೆ ಬರೋ ಶಕ್ತಿ ಬಂದದ ಅನ್ನೋ ಹಂಗ ಕೇಳಸ್ತದ, ನಗು ಬರ್ತದ. ಪರ್ಮಿಶನ್ ಇದ್ದಲ್ಲಿ ಬೀಯಿಂಗ್ ಅಲೌಡ್ ಟು ಹಾಕ್ರಿ. ಧನ್ಯವಾದ ಹೇಳೋವಾಗ "ಥ್ಯಾಂಕ್ ಯು ಫಾರ್ ಐ ಕ್ಯಾನ್ ಯೂಸ್ ದ ಲೈಬ್ರರಿ" ಅನ್ನೋದಕ್ಕ "ಥ್ಯಾಂಕ್ ಯು ಫಾರ್ ಅಲೌಯಿಂಗ್ ಮಿ ಟು ಯೂಸ್ ದ ಲೈಬ್ರರಿ", ಆತ್ಮೀಯರಿಗೆ ಆದ್ರ "ಫಾರ್ ಲೆಟಿಂಗ್ ಮಿ ಯೂಸ್". ಲೆಟ್ ಆದಮ್ಯಾಲೆ ಟು ಇಲ್ಲ.

ಚಾನ್ಸ್, ರಿಸ್ಕ್, ಪಾಸಿಬಿಲಿಟಿ: ಸಂಭವಾನ ನಾಮಪದ ಮಾಡೋದು

ಮಳಿ ಬರಬಹುದು, ದರ ಬೀಳಬಹುದು ಅನ್ನೋ ಥರದ ಮಾತಿಗೆ ಇದು ಅಸಲ್ ದಾರಿ, ಮತ್ತ ಇಲ್ಲೆನ ಆಯ್ಕೆ ಭಾಳ. ಚಾನ್ಸ್ ಆಡುಮಾತಿಗೆ ಹತ್ತಿರ, ಒಳ್ಳೇದಕ್ಕೂ ನಡೀತದ ಕೆಟ್ಟದ್ದಕ್ಕೂ ನಡೀತದ: "ಡಿಸ್ಪೈಟ್ ದ ಚಾನ್ಸ್ ಆಫ್ ರೇನ್". ರಿಸ್ಕ್ ಅಂದ್ರ ಕೆಟ್ಟದ್ದ ಆಗೋದು, ನೌಕರಿ ಸಿಗೋ ರಿಸ್ಕ್ ಅಂತ ಬರದ್ರ ಓದಿದವ್ರು ಗಾಬರಿ ಆಗ್ತಾರ. ಪಾಸಿಬಿಲಿಟಿ ಎರಡೂ ಕಡೆ ಸಮ, ಸ್ವಲ್ಪ ಫಾರ್ಮಲ್. ಪ್ರಾಸ್ಪೆಕ್ಟ್ ಅಂದ್ರ ಮುಂದ ಬರೋದನ್ನ ಎದುರು ನೋಡೋದು, ಆಶಾದಿಂದ ಆಗಲಿ ಅಂಜಿಕಿಯಿಂದ ಆಗಲಿ. ಲೈಕ್ಲಿಹುಡ್ ಬಂದ್ರ ಎಷ್ಟರ ಮಟ್ಟಿಗೆ ಅನ್ನೋ ಅಳತಿ ಬರ್ತದ, ಹೈ ಲೈಕ್ಲಿಹುಡ್, ಲೋ ಲೈಕ್ಲಿಹುಡ್ ಅಂತ, ರಿಪೋರ್ಟ್ ಬರಿಯೋರಿಗೆ ಇದು ಉಪಯೋಗ.

ಬ್ಯಾಡಗಿ ಮಾರ್ಕೆಟ್ ನೆನಸ್ಕೋರಿ. ಮೆಣಸಿನಕಾಯಿ ಚೀಲ ಬಯಲಿನಾಗ ಇಟ್ಟಾರ, ಮೋಡ ಆಗ್ಯದ. "ದೇ ಕವರ್ಡ್ ದ ಚಿಲೀಸ್ ಬಿಕಾಸ್ ಆಫ್ ದ ರಿಸ್ಕ್ ಆಫ್ ರೇನ್." ಇಲ್ಲಿ ಚಾನ್ಸ್ ಹಾಕಿದ್ರೂ ತಪ್ಪಲ್ಲ, ಆದ್ರ ತೊಯ್ದ ಮೆಣಸಿನಕಾಯಿ ಬಣ್ಣ ಕೆಡ್ತದ, ರೇಟ್ ಹೋಗ್ತದ, ಅದಕ್ಕ ರಿಸ್ಕ್ ಅನ್ನೋದ ತೂಕದ ಮಾತು. ಅದ ಮಾರ್ಕೆಟ್‌ನಾಗ ದರದ ಮಾತಿಗೆ ಬಂದ್ರ "ದ ಫಾರ್ಮರ್ಸ್ ಆರ್ ವರೀಡ್ ಅಬೌಟ್ ದ ಪಾಸಿಬಿಲಿಟಿ ಆಫ್ ಪ್ರೈಸಸ್ ಫಾಲಿಂಗ್". ಇಲ್ಲಿ ಪ್ರೈಸಸ್ ನಡುವ ಕುಂತದ, ಯಾರು ಬೀಳ್ತಾರ ಅಂತ ಹೇಳಾಕ. ಮನುಷ್ಯರಿದ್ರ "ದ ಪಾಸಿಬಿಲಿಟಿ ಆಫ್ ಹಿಸ್ ಕಮಿಂಗ್" ಫಾರ್ಮಲ್, "ಆಫ್ ಹಿಮ್ ಕಮಿಂಗ್" ಮಾತಿನ ಧಾಟಿ, ಎರಡೂ ನಡೀತಾವ.

ಚಾನ್ಸ್ ಟು, ಚಾನ್ಸ್ ಆಫ್ ಇವೆರಡನ್ನ ಒಂದ ಅಂತ ತಿಳೀಬ್ಯಾಡ್ರಿ. "ಎ ಚಾನ್ಸ್ ಟು ವಿನ್" ಅಂದ್ರ ಗೆಲ್ಲಾಕ ಅವಕಾಶ ಸಿಕ್ಕದ. "ಎ ಚಾನ್ಸ್ ಆಫ್ ವಿನ್ನಿಂಗ್" ಅಂದ್ರ ಗೆದ್ದರೂ ಗೆಲ್ಲಬಹುದು ಅನ್ನೋ ಸಂಭವ. ಹುಬ್ಬಳ್ಳಿ ಟೀಮಿಗೆ ಫೈನಲ್‌ನಾಗ ಚಾನ್ಸ್ ಟು ವಿನ್ ಸಿಕ್ಕಿರಬಹುದು, ಎದುರಿಗಿನ ಟೀಮ್ ನೋಡಿದ್ರ ಚಾನ್ಸ್ ಆಫ್ ವಿನ್ನಿಂಗ್ ಏನೂ ಇಲ್ಲದ ಇರಬಹುದು. ಪಾಸಿಬಿಲಿಟಿಗೆ ಆಫ್ ಇಲ್ಲಾ ದ್ಯಾಟ್ ಹಚ್ಚರಿ, "ಪಾಸಿಬಿಲಿಟಿ ಟು ಗೋ" ಅನ್ನೋದು ಕಿವಿಗೆ ಹಿತ ಆಗಂಗಿಲ್ಲ, ಅವಕಾಶ ಅನ್ನಬೇಕಾದ್ರ ಆಪರ್ಚುನಿಟಿ ಟು ಗೋ ಅನ್ರಿ. ಪಾಸಿಬಿಲಿಟಿ ದ್ಯಾಟ್ ಬರದಾಗ ಹಿಂದಿಂದ ಮತ್ತ ಮೇ ಬರೋದು ವಾಡಿಕಿನ, "ದ ಪಾಸಿಬಿಲಿಟಿ ದ್ಯಾಟ್ ಪ್ರೈಸಸ್ ಮೇ ಫಾಲ್". ಒಂದ ಮಾತು ಎರಡು ಸಲ ಹೇಳಿದಂಗಾತು ಅಂತ ಕೆಲವು ಎಡಿಟರ್‌ಗಳು ಮೂಗು ಮುರೀತಾರ, ಅವರ ಸಲುವಾಗಿ ವಿಲ್ ಹಾಕಿದ್ರಾತು.

ದ ಫ್ಯಾಕ್ಟ್ ದ್ಯಾಟ್

ಇದು ನನಗ ಅಷ್ಟು ಸೇರಂಗಿಲ್ಲ. "ಡಿಸ್ಪೈಟ್ ದ ಫ್ಯಾಕ್ಟ್ ದ್ಯಾಟ್ ಇಟ್ ಮೇ ರೇನ್" ಸರಿ ಅದ, ಪರೀಕ್ಷಾದಾಗ ಆಪ್ಶನ್ ಇದ್ರ ಟಿಕ್ ಹಾಕ್ರಿ, ಆದ್ರ ನಾಲ್ಕು ಶಬ್ದ ಖರ್ಚು ಮಾಡಿ ಆಲ್ದೋ ಅನ್ನೋ ಒಂದ ಶಬ್ದದ ಕೆಲಸ ಮಾಡಿದಂಗಾತು. ಆಗೋದ ಖಾತ್ರಿ ಇಲ್ಲದ್ದಕ್ಕ ಫ್ಯಾಕ್ಟ್ ಅನ್ನೋದೂ ಒಂಥರಾ ವಿಚಿತ್ರನ. ಅಪಾರ್ಟ್ ಫ್ರಮ್ ಜೋಡಿ ಮಾತ್ರ ಇದು ಛಂದ ಕುಂದರತದ, "ಅಪಾರ್ಟ್ ಫ್ರಮ್ ದ ಫ್ಯಾಕ್ಟ್ ದ್ಯಾಟ್ ಹಿ ಮೈಟ್ ರೆಫ್ಯೂಸ್", ಯಾಕಂದ್ರ ಅಲ್ಲಿ ಬ್ಯಾರೆ ಸಣ್ಣ ದಾರಿ ಸಿಗಂಗಿಲ್ಲ.

ವಾಟ್, ವೆದರ್, ಹೂಮ್ ಹಾಕಿ ಮೋಡಲ್ ಉಳಿಸ್ಕೊಳ್ಳೋದು

ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್, ಕ್ಯಾರೆಕ್ಟರ್ ಸರ್ಟಿಫಿಕೇಟ್ ಯಾವುದರ ತೆಗದು ನೋಡ್ರಿ, ಮ್ಯಾಲೆ ದಪ್ಪಕ್ಷರದಾಗ ಏನಿರ್ತದ? "ಟು ಹೂಮ್ ಇಟ್ ಮೇ ಕನ್ಸರ್ನ್." ಟು ಪ್ರಿಪೊಸಿಶನ್, ಆಮ್ಯಾಲೆ ಮೇ ಕುಂತದ, ಯಾರೂ ತಪ್ಪು ಅನ್ನಂಗಿಲ್ಲ! ಯಾಕಂದ್ರ ನಡುವ ಹೂಮ್ ಬಂದು ಇಡೀ ವಾಕ್ಯಾನ ಒಂದು ನಾಮಪದದಂಗ ಕಟ್ಟಿ ಕೊಟ್ಟದ. ವಾಟ್, ವೆದರ್, ಹೂಎವರ್, ಹೌ, ವೇರ್ ಎಲ್ಲಾನೂ ಈ ಕೆಲಸ ಮಾಡ್ತಾವ. "ಐ ಆ್ಯಮ್ ಥಿಂಕಿಂಗ್ ಅಬೌಟ್ ವಾಟ್ ಮೇ ಹ್ಯಾಪನ್", "ಇಟ್ ಡಿಪೆಂಡ್ಸ್ ಆನ್ ವೆದರ್ ವಿ ಕ್ಯಾನ್ ಗೆಟ್ ಟಿಕೆಟ್ಸ್", "ಗಿವ್ ಇಟ್ ಟು ಹೂಎವರ್ ಮೇ ನೀಡ್ ಇಟ್". ಮೋಡಲ್ ಹಂಗ ಉಳಿಬೇಕು, ಅರ್ಥ ಒಂಚೂರೂ ಅಲುಗಬಾರದು ಅಂದ್ರ ಇದಕ್ಕಿಂತ ಛೊಲೊ ದಾರಿ ಇಲ್ಲ. ಒಂದ ಎಚ್ಚರ, ಪ್ರಿಪೊಸಿಶನ್ ಆದಮ್ಯಾಲೆ ಇಫ್ ಬ್ಯಾಡ, ವೆದರ್ ಹಾಕ್ರಿ. ಡಿಪೆಂಡ್ಸ್ ಆನ್ ಇಫ್ ಅಂತ ಮಾತಿನಾಗ ಕೇಳಸ್ತದ, ಬರವಣಿಗ್ಯಾಗ ಕೆಂಪು ಗೆರಿ ಬೀಳ್ತದ. ಮತ್ತ ಡಿಸ್ಪೈಟ್, ಬಿಕಾಸ್ ಆಫ್ ಜೋಡಿ ವೆದರ್ ಹೊಂದಂಗಿಲ್ಲ, ವಾಟ್ ಹೊಂದತದ: "ಡಿಸ್ಪೈಟ್ ವಾಟ್ ಪೀಪಲ್ ಮೇ ಸೇ". ಮಂದಿ ಏನರ ಅನ್ಲಿ ಅಂತ.

ಪಾಸಿಬ್ಲಿ ಜೋಡಿ ಇಂಗ್

ಇಂಗ್ಲಿಷ್ ಪೇಪರ್‌ನಾಗ "ಅರೆಸ್ಟೆಡ್ ಫಾರ್ ಅಲೆಜೆಡ್ಲಿ ಚೀಟಿಂಗ್" ಅಂತ ಓದೇ ಇರ್ತೀರಿ. ಫಾರ್ ಪ್ರಿಪೊಸಿಶನ್, ಚೀಟಿಂಗ್ ಇಂಗ್ ರೂಪ, ನಡುವ ಒಂದು ಆಡ್ವರ್ಬ್ ಇಟ್ಟು ಅನುಮಾನ ತುಂಬ್ಯಾರ. ಅದ ಅಚ್ಚಿನಾಗ ಪಾಸಿಬ್ಲಿ, ಪರ್ಹ್ಯಾಪ್ಸ್ ಹಾಕ್ರಿ. ಇದರ ಅಸಲ್ ಉಪಯೋಗ ಮೇ ಹ್ಯಾವ್, ಮೈಟ್ ಹ್ಯಾವ್ ಬಂದಾಗ, ಅಂದ್ರ ಆಗಿಹೋಗಿರಬಹುದು ಅನ್ನೋವಾಗ. "ಡಿಸ್ಪೈಟ್ ಹಿ ಮೇ ಹ್ಯಾವ್ ಲಾಸ್ಟ್ ದ ಟಿಕೆಟ್" ತಪ್ಪು, "ಡಿಸ್ಪೈಟ್ ಪಾಸಿಬ್ಲಿ ಹ್ಯಾವಿಂಗ್ ಲಾಸ್ಟ್ ದ ಟಿಕೆಟ್, ಹಿ ಗಾಟ್ ಆನ್" ಸರಿ. ಇದನ್ನ ಬೀಯಿಂಗ್ ಏಬಲ್ ಟು ಹಾಕಿ ತಿದ್ದಾಕ ಬರಂಗ ಇಲ್ಲ. ಎರಡೂ ಭಾಗದಾಗ ಮಾಡೋವ ಒಬ್ಬನ ಇರಬೇಕು ಅನ್ನೋದು ನೆನಪಿಡ್ರಿ, ಟಿಕೆಟ್ ಕಳಕೊಂಡವ ಒಬ್ಬ, ಗಾಡಿ ಹತ್ತಿದವ ಇನ್ನೊಬ್ಬ ಅಂದ್ರ ಆಲ್ದೋಗೆ ವಾಪಸ್ ಬರ್ರಿ.

ಇನ್ನ ಎರರ್ ಸ್ಪಾಟಿಂಗ್ ಬರಿಯೋರಿಗೆ. ಟೈಮ್ ಇರಂಗಿಲ್ಲ, ಹಂಗಾಗಿ ಕಣ್ಣು ಪ್ರಿಪೊಸಿಶನ್ ಮ್ಯಾಲೆ ಇಡ್ರಿ, ಅದರ ಹಿಂದಿಂದ ಕರ್ತೃ ಮತ್ತ ಮೋಡಲ್ ಎರಡೂ ಬಂದಾವೇನು ನೋಡ್ರಿ, ನಡುವ ವಾಟ್-ಹೂಮ್ ಜಾತಿ ಶಬ್ದ ಇಲ್ಲ ಅಂದ್ರ ತಪ್ಪು ಅಲ್ಲೆ ಅದ. ಸೆಂಟೆನ್ಸ್ ಇಂಪ್ರೂವ್‌ಮೆಂಟ್‌ನಾಗ ಎರಡು ಆಪ್ಶನ್ ಗ್ರಾಮರ್ ಪ್ರಕಾರ ಸರಿ ಕಂಡ್ರ, ಒಂದು ಬೀಯಿಂಗ್ ಏಬಲ್ ಟು ಇನ್ನೊಂದು ಪಾಸಿಬಿಲಿಟಿ ಆಫ್ ಇದ್ರ, ಮೂಲ ವಾಕ್ಯದಾಗ ತಾಕತ್ತಿನ ಮಾತೋ ಸಂಭವದ ಮಾತೋ ಅಂತ ನೋಡಿ ಆರಸ್ರಿ.

ಮೇಲ್ ಬರಿಯೋರಿಗೆ ಇನ್ನೊಂದು ದಾರಿ ಅದ, ಗ್ರಾಮರ್ ಪುಸ್ತಕದಾಗ ಇದನ್ನ ದಾರಿ ಅಂತ ಬರಿಯಂಗಿಲ್ಲ. ವಾಕ್ಯ ಮುರದು ಎರಡು ಮಾಡೋದು. "ಡ್ಯೂ ಟು ದ ಪಾಸಿಬಿಲಿಟಿ ಆಫ್ ದ ಚಿಗರಿ ಬಸ್ ಬೀಯಿಂಗ್ ಫುಲ್, ಐ ಮೇ ಬಿ ಲೇಟ್" ಅಂತ ಕುಂತು ಕಟ್ಟೋಕ್ಕಿಂತ "ದ ಚಿಗರಿ ಬಸ್ ಮೇ ಬಿ ಫುಲ್. ಐ ಮೇ ಬಿ ಲೇಟ್" ಅಂತ ಕಳಿಸ್ರಿ, ಧಾರವಾಡದಿಂದ ಹುಬ್ಬಳ್ಳಿಗೆ ಡ್ಯೂಟಿಗೆ ಬರೋರ ಕಷ್ಟ ಮ್ಯಾನೇಜರ್‌ಗೆ ಅಷ್ಟರಾಗನ ತಿಳೀತದ.